ಸುಳ್ಳು ಹೆಸರಿನ ಸಮಾಧಿಗಳು

ಆಸ್ಟ್ರೇಲಿಯದ ಕೌರಾ ಎಂಬ ಊರಿನ ಸೆರೆಶಿಬಿರದಲ್ಲಿ, 1944ರ ಆಗಸ್ಟ್ 5ರ ನಸುಕಿನಲ್ಲಿ, ನೂರಾರು ಜಪಾನೀ ಯುದ್ಧಕೈದಿಗಳು ಚಾಕು, ಬೇಸ್‌ಬಾಲ್ ದಾಂಡು ಹಿಡಿದು ಮುಳ್ಳುತಂತಿಯ ಬೇಲಿಗೆ ನುಗ್ಗಿದರು. ಅವರಲ್ಲಿ 231 ಮಂದಿ ಮಡಿದರು. ನಾಲ್ವರು ಆಸ್ಟ್ರೇಲಿಯದ ಸೈನಿಕರೂ ಸತ್ತರು.

ಸೆರೆ ಸಿಕ್ಕುವುದು ಸಾವಿಗಿಂತ ಹೀನವೆಂದು ಅವರಿಗೆ ಸೈನ್ಯ ಕಲಿಸಿತ್ತು. ಮನೆತನಕ್ಕೆ ಕಳಂಕ ತಟ್ಟದಿರಲೆಂದು ಅನೇಕರು ಸುಳ್ಳು ಹೆಸರು ಬರೆಸಿದ್ದರು. ಕೆಲವರು ಅದೇ ಹೆಸರಿನಲ್ಲಿ ಮಣ್ಣಾದರು.

ಯುದ್ಧಾನಂತರ ಆ ಗೋರಿಗಳನ್ನು ಜೋಪಾನ ಮಾಡಿದವರು ಅದೇ ಊರಿನ ಮಾಜಿ ಸೈನಿಕರು! 1964ರಲ್ಲಿ ಅಲ್ಲಿ ಜಪಾನೀ ಯುದ್ಧ ಸ್ಮಶಾನವೇ ರೂಪುಗೊಂಡಿತು.

ಹಾಜರಿ ಪುಸ್ತಕದ ಹೆಸರುಗಳನ್ನು ಕೂಗುತ್ತಲೇ ಆಯುಷ್ಯ ಕಳೆದವನು ನಾನು. ಸ್ವಂತ ಹೆಸರು ಹೇಳಲೂ ನಾಚುವಂತೆ ಮಾಡಿದ ಪಾಠ ಅದೆಂಥದು? ವಿದ್ಯಾರ್ಥಿ ಮಿತ್ರರೇ, ಸೋತವನೂ ತಲೆಯೆತ್ತಿ ಮನೆಗೆ ಮರಳಬಹುದೆಂದು ನಿಮ್ಮ ಮಕ್ಕಳಿಗೆ ತಪ್ಪದೆ ಕಲಿಸಿರಿ.