ನೈಜೀರಿಯಾದ ತಟ್ಟೆ ತುಂಬಿಸಿದ ಮರಗೆಣಸು

ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ ನೈಜೀರಿಯಾ. 1980ರಲ್ಲಿ ಅಲ್ಲಿನ ಫಸಲು ಸುಮಾರು 1.1 ಕೋಟಿ ಟನ್. 2000ದ ಹೊತ್ತಿಗೆ 3.2 ಕೋಟಿ, ಈಗ 6 ಕೋಟಿಯ ಆಸುಪಾಸು. ರಫ್ತಾಗುವುದು ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ದೇಶದೊಳಗೇ ಖರ್ಚಾಗುತ್ತದೆ.

ಈ ಏರಿಕೆಯ ಹಿಂದೆ ಒಂದು ಪುಟ್ಟ ಕಣಜದ ಪಾಲೂ ಇದೆ. 1970ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಹಿಟ್ಟುತಿಗಣೆ ಆಫ್ರಿಕಾದ ಮರಗೆಣಸಿನ ಹೊಲಗಳನ್ನು ಹಾಳುಗೆಡವುತ್ತಿತ್ತು. ವಿಜ್ಞಾನಿ ಹ್ಯಾನ್ಸ್ ಹೆರೆನ್ ಅವರ ತಂಡ ಆ ಕೀಟದ ತವರಿನಿಂದಲೇ ಅದರ ಶತ್ರುವಾದ ಕಣಜವನ್ನು ತರಿಸಿ, 1981ರಿಂದ ನೈಜೀರಿಯಾದಲ್ಲಿ ಬಿಡತೊಡಗಿತು. ಔಷಧಿ ಹೊಡೆಯುವ ಖರ್ಚಿಲ್ಲದೆ ಬಡ ರೈತರ ಬೆಳೆ ಉಳಿಯಿತು. 1995ರಲ್ಲಿ ಹೆರೆನ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು, ಬರಲೇಬೇಕಿತ್ತು.

ಕಿತ್ತ ಗೆಡ್ಡೆ ಎರಡು ಮೂರು ದಿನಕ್ಕೇ ಕೆಡುತ್ತದೆ. ಹೀಗಾಗಿ ಹಳ್ಳಿಯ ಹೆಂಗಸರು ಸಿಪ್ಪೆ ತೆಗೆದು, ತುರಿದು, ಚೀಲಕ್ಕೆ ತುಂಬಿ ಮೇಲೆ ಭಾರ ಹೇರುತ್ತಾರೆ. ನೀರು ಸೋರಿ ಹುಳಿ ಬಂದಮೇಲೆ ಜರಡಿ ಹಿಡಿದು, ಅಗಲ ಬಾಣಲೆಯಲ್ಲಿ ಹುರಿದರೆ 'ಗರಿ' ಸಿದ್ಧ. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಗೆಯ ಮುಂದೆ ಕೂತು ಮಾಡುವ ಈ ದುಡಿಮೆಯೇ ಲಾಗೋಸ್‌ನಂಥ ನಗರಗಳ ಹೊಟ್ಟೆ ತುಂಬಿಸುತ್ತಿರುವುದು.

ಆದರೆ ಫಸಲು ಹೆಚ್ಚಿದ್ದು ಬಹುಪಾಲು ಹೊಲ ವಿಸ್ತರಿಸಿದ್ದರಿಂದ. ಭಾರತದಲ್ಲಿ ಹೆಕ್ಟೇರಿಗೆ 30 ಟನ್ ದಾಟುವ ಮರಗೆಣಸಿನ ಇಳುವರಿ ಅಲ್ಲಿ ಸರಾಸರಿ 10 ಟನ್ ಕೂಡ ಮುಟ್ಟುತ್ತಿಲ್ಲ. ರೋಗವಿಲ್ಲದ ನಾಟಿ ಕಡ್ಡಿ, ಗೊಬ್ಬರ, ಸುಲಭದ ಸಾಲ ಸಣ್ಣ ರೈತರ ಕೈಗೆ ಸಿಗದೆ ಈ ಅಂತರ ತುಂಬುವುದಿಲ್ಲ.