ಹಳೆಯ ಜೀಪು ಹುಡುಕುತ್ತಾ ಬಿಸಿಲೆಯ ದಾರಿಯಲ್ಲಿ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಬಾಳ್ಳುಪೇಟೆ ದಾಟುತ್ತಿದ್ದಂತೆ ಬಯಲುಸೀಮೆ ಹಿಂದೆ ಸರಿದು ಗಾಳಿಯಲ್ಲಿ ಕಾಫಿ ತೋಟದ ತಂಪು ಸೇರುತ್ತದೆ. ಅಲ್ಲಿಂದ ಮುಂದೆ ಪ್ರತಿ ಗ್ಯಾರೇಜಿನ ಮುಂದೆ, ಪ್ರತಿ ತೋಟದ ಗೇಟಿನ ಪಕ್ಕದಲ್ಲಿ ಒಂದಲ್ಲ ಒಂದು ಜೀಪು ನಿಂತಿರುತ್ತದೆ. ಕೆಲವು ಓಡುವಂಥವು, ಕೆಲವು ಕೋಳಿಗಳ ಮನೆಯಾದಂಥವು. ಕಳೆದ ಚಳಿಗಾಲದ ನಾಲ್ಕು ಭಾನುವಾರಗಳನ್ನು ನಾನು ಈ ಜೀಪುಗಳ ಹೊಟ್ಟೆಯ ಕೆಳಗೆ ಕಳೆದೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಈ ಹುಚ್ಚು ಹಿಡಿದದ್ದು ಇವತ್ತಲ್ಲ. 1996ರಲ್ಲಿ ಹೆತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಮೊದಲ ನೇಮಕ. ಆಷಾಢದ ಒಂದು ರಾತ್ರಿ ನನ್ನಾಕೆಗೆ ಹೆರಿಗೆ ನೋವು ಶುರುವಾಯಿತು. ಬಸ್ಸು ನಿಂತು ಮೂರು ದಿನವಾಗಿತ್ತು. ಪಕ್ಕದ ತೋಟದ ಸಾಹುಕಾರರು ಮಾತಿಲ್ಲದೆ ತಮ್ಮ ಮಹೀಂದ್ರ ಜೀಪು ಹೊರಡಿಸಿದರು. ಮೊಣಕಾಲುದ್ದದ ಕೆಸರಿನಲ್ಲಿ ಡ್ರೈವರು ಎರಡನೆಯ ಸಣ್ಣ ಗೇರ್ ಕೋಲನ್ನು ಎಳೆದು, “ಫೋರ್ ವೀಲ್ ಹಾಕಿದ್ದೀನಿ ಮೇಷ್ಟ್ರೇ, ಹೆದರ್ಬೇಡಿ” ಅಂದದ್ದು ಇನ್ನೂ ಕಿವಿಯಲ್ಲಿದೆ. ಬೆಳಗಿನ ಜಾವ ಸಕಲೇಶಪುರದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅವಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಿವೃತ್ತಿ ಹತ್ತಿರವಾಗುತ್ತಿದ್ದಂತೆ, ಅಂಥದೊಂದು ಗಾಡಿ ಕೊಂಡು, ಹಿಂದೆ ಹಾಸಿಗೆ ಸ್ಟೌವ್ ಇಟ್ಟುಕೊಂಡು, ಇಬ್ಬರೇ ಊರೂರು ಸುತ್ತಬೇಕೆಂಬ ಆಸೆ ಬಲವಾಯಿತು. ಕೈಯಲ್ಲಿದ್ದದ್ದು ಭವಿಷ್ಯನಿಧಿಯಿಂದ ತೆಗೆದ ಐದೂವರೆ ಲಕ್ಷ. ಅದು ಕೆಸರಿಗೆ ಬಿದ್ದರೆ ಮತ್ತೆ ಎತ್ತುವ ಶಕ್ತಿ ನನಗಿರಲಿಲ್ಲ.

ಜೊತೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಸರಿಯಾಗಿ 35 ತೆಗೆದು ಪಾಸಾಗಿದ್ದವನು. ಈಗ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಮೊದಲ ದಿನವೇ ಹೇಳಿದ: “ಸಾರ್, ಫೋರ್ ವೀಲ್ ನಿಮಗೆ ವರ್ಷಕ್ಕೆ ನಾಲ್ಕು ದಿನ ಬೇಕಾಗುತ್ತೆ. ಉಳಿದ ದಿನ ಬೇಕಾಗೋದು ಒಳ್ಳೆ ಬ್ರೇಕು, ಒಳ್ಳೆ ಸೀಟು.” ನನಗೆ ಸ್ವಲ್ಪ ಬೇಸರವೇ ಆಯಿತು. ಕನಸಿನ ಮಾತಾಡುವಾಗ ಯಾರಾದರೂ ಸೀಟಿನ ಮಾತು ಎತ್ತುತ್ತಾರೆಯೇ?

ಮೊದಲು ನೋಡಿದ್ದು ಆನೆಮಹಲ್ ಸಮೀಪದ ತೋಟದಲ್ಲಿದ್ದ ಒಂದು ಜಿಪ್ಸಿ. ಮಾರುತಿಯವರು 1985ರಲ್ಲಿ ತಂದ ಈ ಗಾಡಿಗೆ 1996ರಲ್ಲಿ 1.3 ಲೀಟರಿನ ದೊಡ್ಡ ಎಂಜಿನ್ ಬಂತು. ತೂಕ ಸುಮಾರು ಒಂದು ಟನ್ ಅಷ್ಟೆ. ಕೆಸರಿನಲ್ಲಿ ಹಗುರ ಗಾಡಿ ಹೂತುಕೊಳ್ಳುವುದು ಕಡಿಮೆ. ನಮ್ಮ ಸೈನ್ಯವೂ ಅದನ್ನು ವರ್ಷಗಟ್ಟಲೆ ಬಳಸಿತು. ತೋಟದ ಏರಿನಲ್ಲಿ ಅದು ಮೇಕೆಯ ಹಾಗೆ ಹತ್ತಿತು. ನಾನು ಸೋತೇಹೋದೆ. ಆದರೆ ನಾಲ್ಕೂ ಚಕ್ರಕ್ಕೆ ಲಾರಿಯಂತೆ ಪಟ್ಟಿ ಸ್ಪ್ರಿಂಗು. ಹೆದ್ದಾರಿಯಲ್ಲಿ ಹನ್ನೆರಡು ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ, ಸೊಂಟ ನೋವಿನ ನನ್ನಾಕೆ ಇಳಿದು ನಿಂತು, “ಏನ್ರೀ, ಇದರಲ್ಲಿ ನೀವು ಊರು ನೋಡಿ ಬನ್ನಿ, ನಾನು ಬಸ್ಸಿನಲ್ಲಿ ಹಿಂದೆ ಬರ್ತೀನಿ” ಅಂದಳು. ವಿದ್ಯಾರ್ಥಿ ನನ್ನ ಮುಖ ನೋಡಲಿಲ್ಲ. ಅಷ್ಟು ಮರ್ಯಾದೆ ಉಳಿಸಿದ.

ಎರಡನೆಯದು ಒಬ್ಬ ದಲ್ಲಾಳಿ ತೋರಿಸಿದ ಬಿಳಿ ಗಾಡಿ. ಕನ್ನಡಿಯಂತೆ ಹೊಳೆಯುತ್ತಿತ್ತು. ನಾವು ಹೋದಾಗಲೇ ಎಂಜಿನ್ ಚಾಲೂ ಆಗಿತ್ತು. “ಬಿಸಿ ಎಂಜಿನ್ ಎಲ್ಲ ರೋಗ ಮುಚ್ಚಿಡುತ್ತೆ ಸಾರ್” ಎಂದು ವಿದ್ಯಾರ್ಥಿ ಕಿವಿಯಲ್ಲಿ ಹೇಳಿದ. ತಣ್ಣಗಿರುವಾಗ ಒಂದೇ ಸಲಕ್ಕೆ ಚಾಲೂ ಆಗುತ್ತದೆಯೇ, ಆಗ ಯಾವ ಬಣ್ಣದ ಹೊಗೆ ಬರುತ್ತದೆ ಎಂಬುದೇ ಮುಖ್ಯ. ನೀಲಿ ಹೊಗೆ ಬಿಡದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಗಟ್ಟಿ ಕಪ್ಪು ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತಂಥ ಕೆನೆ ಕಂಡರೂ ಅದೇ ಅನುಮಾನ.

ನನ್ನ ಜೇಬಿನಲ್ಲಿ ಒಂದು ಅಯಸ್ಕಾಂತವಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಉದ್ದಕ್ಕೂ ಸರಿಸಿದೆ. ಎಲ್ಲ ಕಡೆ ಅಂಟಿದ್ದು ಎಡಗಡೆಯ ಹಿಂಬದಿಗೆ ಬಂದಾಗ ಜಾರಿ ಕೆಳಗೆ ಬಿತ್ತು. ಬಣ್ಣದ ಕೆಳಗೆ ತಗಡಿನ ಮೇಲೆ ದಪ್ಪನೆಯ ಪುಟ್ಟಿ! ವಿದ್ಯಾರ್ಥಿ ಟಾರ್ಚು ಹಿಡಿದು ಕೆಳಗೆ ನುಗ್ಗಿದ. ಛಾಸಿಗೆ ಹೊಸ ಕಪ್ಪು ಬಣ್ಣ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದ. ಒಳ್ಳೆಯ ಉಕ್ಕು ಠಣ್ ಎನ್ನಬೇಕು. ಹಿಂದಿನ ಚಕ್ರದ ಹತ್ತಿರ ಅದು ಒಣಗಿದ ಸೋರೆಬುರುಡೆಯಂತೆ ಬುಸ್ ಎಂದಿತು. ಬಣ್ಣದ ಪದರ ಉದುರಿ ತುಕ್ಕಿನ ಪುಡಿ ಅವನ ಮುಖದ ಮೇಲೆ ಬಿತ್ತು. ಕಡಲ ತೀರದಲ್ಲಿ ಓಡಿದ ಗಾಡಿಯಿರಬೇಕು ಎಂದ. ಅದಕ್ಕೆ ಮುಂಗಡ ಕೊಡಲು ನಾನು ಹಿಂದಿನ ದಿನವೇ ಬ್ಯಾಂಕಿನಿಂದ ಹಣ ತಂದಿದ್ದೆ. ಎಂಟನೇ ತರಗತಿಗೆ ಅಯಸ್ಕಾಂತದ ಪಾಠ ಮಾಡುತ್ತಲೇ ತಲೆ ಬೆಳ್ಳಗಾಯಿತು. ಅದು ನನ್ನನ್ನು ಕಾಪಾಡಿದ್ದು ಅಂದೇ ಮೊದಲು.

ಮೂರನೆಯ ಭಾನುವಾರ ಒಂದು ಥಾರ್ ನೋಡಿದೆವು. ಗಾಡಿ ಗಟ್ಟಿಯಾಗಿತ್ತು, ಮಲಗಲು ಜಾಗ ಸಾಲದು. ನಾಲ್ಕನೆಯದು ಮೂಡಿಗೆರೆ ಕಡೆಯ ಒಬ್ಬ ನಿವೃತ್ತ ಎಂಜಿನಿಯರರ 2013ರ ಸ್ಕಾರ್ಪಿಯೊ, ಫೋರ್ ವೀಲ್ ಇರುವಂಥದು. ನೋಡಲು ಸಾಧಾರಣ, ಮುಂದಿನ ಬಂಪರಿಗೆ ಎರಡು ಗೀರು. ಬಾನೆಟ್ಟಿನ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಒಂದೇ ಸಲಕ್ಕೆ ಚಾಲೂ ಆಯಿತು. ಅಯಸ್ಕಾಂತ ಎಲ್ಲಿಯೂ ಜಾರಲಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದರೆ 2017ರ ಇಪ್ಪತ್ತಮೂರನೆಯ ವಾರ. ಹಲ್ಲು ಉಳಿದಿದ್ದರೂ ರಬ್ಬರು ಮುದಿಯಾಗಿತ್ತು; ನಾಲ್ಕೂ ಬದಲಾಯಿಸಬೇಕು ಎಂದು ಬರೆದುಕೊಂಡೆ.

ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿ, ಹಿಂದಿನವು ಸಣ್ಣ ವೃತ್ತದಲ್ಲಿ ಹೋಗುತ್ತವೆ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಗೇರುಗಳೇ ನರಳುತ್ತವೆ. ಆದ್ದರಿಂದ ಒದ್ದೆ ಹುಲ್ಲಿನ ಮೇಲೆ ಓಡಿಸಿದೆವು. ಲೋ ಗೇರಿನಲ್ಲಿ ಕಾಲು ತೆಗೆದರೂ ಗಾಡಿ ಆಮೆಯಂತೆ ಏರು ಹತ್ತಿತು, ಆಮೆಯಂತೆಯೇ ಇಳಿಯಿತು. ಯಾವ ಕರಕರ ಶಬ್ದವೂ ಇರಲಿಲ್ಲ.

ಆಮೇಲೆ ಹೆದ್ದಾರಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಫೋರ್ ವೀಲ್ ಗಾಡಿ ಹೊರಡುವುದರಲ್ಲಿ ಗಟ್ಟಿಗ, ನಿಲ್ಲುವುದರಲ್ಲಿ ಅಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ವೇಗ 60ರಿಂದ 80ಕ್ಕೆ ಏರಿದರೆ ಚಲನಶಕ್ತಿ ಸುಮಾರು ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಅಷ್ಟನ್ನೂ ಬ್ರೇಕು ನುಂಗಬೇಕು. ಎತ್ತರದ ಗಾಡಿಯ ಗುರುತ್ವ ಕೇಂದ್ರವೂ ಎತ್ತರ. ಅದರ ಮೇಲೆ ಕ್ಯಾರಿಯರ್ ಹಾಕಿ ನೀರಿನ ಕ್ಯಾನು, ಟೆಂಟು, ಗ್ಯಾಸು ಹೇರಿದರೆ ತಿರುವಿನಲ್ಲಿ ವಾಲುವುದು ಇನ್ನಷ್ಟು. ಭಾರವೆಲ್ಲ ಕೆಳಗೆ, ಸೀಟಿನ ಹಿಂದೆಯೇ ಇರಲಿ. ಮುಂದಿನ ಕಬ್ಬಿಣದ ಬುಲ್ ಬಾರನ್ನು ಎಷ್ಟೋ ಜನ ಇನ್ನೂ ಶೋಭೆಯೆಂದು ಭಾವಿಸುತ್ತಾರೆ. 2017ರಲ್ಲೇ ಕೇಂದ್ರ ಸರ್ಕಾರ ಅದನ್ನು ಕೂಡದೆಂದು ಹೇಳಿದೆ; ಢಿಕ್ಕಿಯ ಹೊಡೆತವನ್ನು ಅದು ನೇರ ಛಾಸಿಗೆ ದಾಟಿಸುತ್ತದೆ, ಪಾದಚಾರಿಗಂತೂ ಯಮಪಾಶ. ಈ ಗಾಡಿಗೂ ಇತ್ತು. ಬಿಚ್ಚಿಸಿದೆ.

ಕಾಗದಪತ್ರದ ವಿಷಯದಲ್ಲಿ ನಾನು ಮೇಷ್ಟರ ಬುದ್ಧಿ ಬಿಡಲಿಲ್ಲ. ಆರ್‌ಸಿಯಲ್ಲಿರುವ ಛಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದಕ್ಕೆ ಅಂಕಿ ಅಂಕಿಯಾಗಿ ಹೋಲಿಸಿದೆ. ಅದರಲ್ಲಿ ‘ಫೋರ್ ವೀಲ್’ ಮಾದರಿಯೆಂದೇ ಇದೆಯೇ ನೋಡಿದೆ. ಹೆಸರು ಒಂದೇ ಆದರೂ ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿಗಳೇ ಹೆಚ್ಚು. ಸಾಲ ತೀರಿದ್ದರೆ ಅದು ಆರ್‌ಸಿಯಿಂದ ರದ್ದಾಗಿರಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ. ಇದಕ್ಕೆ 2028ರವರೆಗೆ ಉಸಿರಿದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳ ಆಸೆಯೂ ಇತ್ತು. ಆದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿ ಹೊಸದಾಗಿ ಕಟ್ಟಬೇಕಾದ ರಸ್ತೆ ತೆರಿಗೆ ಸೇರಿಸಿದಾಗ ಅಗ್ಗವೆಂಬುದು ಕರಗಿಹೋಯಿತು. ನಾಲ್ಕು ಲಕ್ಷದ ಎಂಬತ್ತು ಸಾವಿರಕ್ಕೆ ಮಾತು ಮುಗಿಯಿತು. ಉಳಿದ ಎಪ್ಪತ್ತು ಸಾವಿರವನ್ನು ವಿದ್ಯಾರ್ಥಿಯ ಮಾತಿನಂತೆ ಟೈರು, ಬ್ರೇಕು, ಎಲ್ಲ ಆಯಿಲುಗಳಿಗೆ ಮೀಸಲಿಟ್ಟೆ. ಹಳೆಯ ಗಾಡಿ ಕೊಳ್ಳುವವರು ಇದ್ದ ಹಣವನ್ನೆಲ್ಲ ಗಾಡಿಗೇ ಸುರಿಯಬಾರದು.

ಮೊದಲ ಪಯಣ ಎಲ್ಲಿಗೆಂದು ಚರ್ಚೆಯೇ ಆಗಲಿಲ್ಲ. ಹೆತ್ತೂರು ದಾರಿ ಹಿಡಿದೆವು. ಮಂಕನಹಳ್ಳಿಯ ಬಳಿ ಒಂದು ಹಳೆಯ ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಗೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ. ಎಷ್ಟೋ ವರ್ಷ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದ ಜಲವಿಭಾಜಕದ ಮೇಲೆ ನಿಂತು ಫ್ಲಾಸ್ಕಿನ ಕಾಫಿ ಕುಡಿದೆವು. ಬಿಸಿಲೆಯಿಂದ ಕುಮಾರಪರ್ವತದ ಸಾಲು ನೋಡಿ ಹಿಂತಿರುಗಿದೆವು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ತಂಗಲೂಬಾರದು. ಆನೆಗಳ ಮನೆ ಅದು. ಹಳೆಯ ಶಿಷ್ಯನೊಬ್ಬನ ಕಣದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಸೀಟು ಮಡಚಿ ಹಾಸಿಗೆ ಬಿಚ್ಚಿದೆವು.

ಅಂದು ಕೆಸರಿನಲ್ಲಿ ಜೀಪು ಹೂತಿದ್ದ ದಾರಿ ಅಲ್ಲಿಂದ ಅರ್ಧ ಕಿಲೋಮೀಟರ್. ಬೆಳಿಗ್ಗೆ ನಡೆದು ಹೋಗಿ ನೋಡಿದರೆ ನುಣುಪಾದ ಟಾರು. ಸ್ಕೂಟರಿನಲ್ಲೊಬ್ಬ ಹುಡುಗಿ ಹಾಲಿನ ಕ್ಯಾನು ಇಟ್ಟುಕೊಂಡು ಭರ್ರನೆ ಹೋದಳು. ಫೋರ್ ವೀಲ್ ಹಾಕುವ ಅವಕಾಶವೇ ಇಲ್ಲ ಎಂದು ನಾನು ಪೆಚ್ಚಾಗಿ ನಿಂತಿದ್ದೆ.

“ಬೇಡವಾಯ್ತಲ್ಲ, ಒಳ್ಳೇದೇ ಆಯ್ತು ಬಿಡಿ” ಅಂದಳು ನನ್ನಾಕೆ. “ಆವತ್ತು ಈ ರಸ್ತೆ ಹೀಗಿದ್ದಿದ್ರೆ ನಾನು ಅಷ್ಟು ಅಳ್ತಿರ್ಲಿಲ್ಲ.”

ಮಾತಾಡದೆ ಇಬ್ಬರೂ ಗಾಡಿಯ ಕಡೆಗೆ ನಡೆದೆವು. ಸೊಂಟ ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ ಅಂದಳು.