ಹಿತ್ತಿಲಿಗೆ ಬಂದ ಬಳ್ಳಿಗಳು

ಬಾಡಿಗೆ ಮನೆಯ ಹಿತ್ತಿಲಿಗೆ ನಿಜವಾದ ಒಡೆಯರು ಯಾರೆಂಬುದು ಮಳೆಗಾಲದಲ್ಲಿ ತಿಳಿಯುತ್ತದೆ. ಮೈಸೂರಿನ ನಮ್ಮ ಮನೆಯ ಹಿಂದೆ ನಾವು ನೆಟ್ಟದ್ದು ಎರಡು ಮಲ್ಲಿಗೆ, ಒಂದು ಕರಿಬೇವು. ಶ್ರಾವಣ ಬರುವ ವೇಳೆಗೆ, ಯಾರೂ ಕರೆಯದ ಮೂರು ಬಳ್ಳಿಗಳು ಬೇಲಿಯನ್ನೂ ಬೇವಿನ ಮರವನ್ನೂ ಆಕ್ರಮಿಸಿಕೊಂಡವು. ಕಿತ್ತೆಸೆಯೋಣವೆಂದರೆ ಅಮ್ಮ ಒಪ್ಪಲಿಲ್ಲ.

“ಬೇವಿನ ಮೇಲಿರುವುದು ಅಮೃತಬಳ್ಳಿ ಕಣೋ. ದಿನಾ ಕಷಾಯ ಮಾಡಿಕೊಡುತ್ತೇನೆ. ಮಗುವಿಗೂ ಒಳ್ಳೆಯದು” ಎಂದರು.

ಕನ್ನಡ ಪಾಠ ಹೇಳುವವನಿಗೆ ಲತೆಗಳೇನೂ ಹೊಸವಲ್ಲ. ಆದರೆ ಕಾವ್ಯದ ಲತೆ ಸಾಮಾನ್ಯವಾಗಿ ನಾಯಿಕೆಯ ತೋಳಿಗೆ ಉಪಮಾನವಾಗಿ ನಿಲ್ಲುವುದೇ ಹೊರತು, ತನ್ನ ಕಾಯಿ ಹೇಗಿದೆಯೆಂದು ಹೇಳುವುದಿಲ್ಲ. ಕಷಾಯದ ಪ್ರಶ್ನೆ ಉಪಮಾನದಿಂದ ಬಗೆಹರಿಯುವಂಥದಲ್ಲ. ಸಸ್ಯಶಾಸ್ತ್ರದ ಗೆಳೆಯರೊಬ್ಬರನ್ನು ಕಾಫಿಗೆ ಕರೆದೆ.

ಅವರು ಎಲೆಗಿಂತ ಮೊದಲು ಬಳ್ಳಿ ಹತ್ತಿದ ಬಗೆಯನ್ನು ನೋಡಿದರು. ಬೇಲಿಯ ಮೇಲಿನದು ಸುರುಳಿಯಾದ ಕುಡಿಗಳನ್ನು ಚಾಚಿ ತಂತಿಯನ್ನು ಹಿಡಿದಿತ್ತು. ಬಿಳಿಯ ಹೂವು, ಹಣ್ಣಾದಾಗ ಕೆಂಪಾಗುವ ಕಾಯಿ. ಅದು ಕಾಡುತೊಂಡೆ. ಪಕ್ಕದ್ದಕ್ಕೆ ಅಂಥ ಕುಡಿಗಳಿರಲಿಲ್ಲ. ಕಾಂಡವೇ ಆಸರೆಯನ್ನು ಸುತ್ತಿ ಏರಿತ್ತು. ಎಲೆ ಹುಣಸೆಯದನ್ನು ಹೋಲುತ್ತಿತ್ತು. “ಕಾಯಿ ಬಿಡಲಿ, ಅಲ್ಲಿಯವರೆಗೆ ಮಗು ಏನನ್ನೂ ಬಾಯಿಗಿಡದಂತೆ ನೋಡಿಕೊಳ್ಳಿ” ಎಂದು ಹೇಳಿಹೋದರು.

ಪುಷ್ಯದಲ್ಲಿ ಒಣಗಿದ ಕಾಯಿಗಳು ಬಾಯ್ದೆರೆದವು. ಒಳಗೆ ಕೆಂಪು ಬೀಜ, ಒಂದು ತುದಿಯಲ್ಲಿ ಕಪ್ಪು ಬೊಟ್ಟು. ಗುಲಗಂಜಿ! ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ಅಷ್ಟರಲ್ಲೇ ನಮ್ಮ ಐದು ವರ್ಷದ ಮಗಳು ಅವನ್ನು ಲಂಗದ ಮಡಿಲಲ್ಲಿ ತುಂಬಿಕೊಂಡಿದ್ದಳು. ಅದರ ಸಿಪ್ಪೆ ಗಟ್ಟಿ. ಇಡಿಯಾಗಿ ನುಂಗಿದ ಬೀಜ ಹಾಗೆಯೇ ಹೊರಬೀಳುವುದೂ ಉಂಟು. ಆದರೆ ಅಗಿದರೆ ಒಳಗಿನ ಅಬ್ರಿನ್ ಎಂಬ ವಿಷ ದೇಹಕ್ಕೆ ಸೇರುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ವಾಂತಿ ಭೇದಿಗಳು ಎಷ್ಟೋ ಗಂಟೆ ತಡವಾಗಿ ತೋರುವುದರಿಂದ, ಮಗು ನುಂಗಿತೆಂದು ತಿಳಿದೊಡನೆ, ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಅಮ್ಮನ ಬಳ್ಳಿ. ಹೃದಯಾಕಾರದ ಎಲೆಯೊಂದನ್ನೇ ನಂಬುವಂತಿಲ್ಲ. ಹಲವು ಬಳ್ಳಿಗಳಿಗೆ ಅದಿದೆ. ಗೆಳೆಯರು ಕಾಂಡವನ್ನು ಉಗುರಿನಿಂದ ಕೆರೆದರು. ಕಾಗದದಂಥ ಮೇಲುಸಿಪ್ಪೆಯ ಕೆಳಗೆ ಹಸುರು. ಕೊಂಬೆಯಿಂದ ದಾರದಂತೆ ಇಳಿಬಿದ್ದ ಬೇರುಗಳು. ಅಡ್ಡ ಕತ್ತರಿಸಿದಾಗ ಬಂಡಿಯ ಚಕ್ರದಂಥ ರೇಖೆಗಳು. ಇದರ ದಾಯಾದಿಯೊಂದಕ್ಕೆ ಮೈತುಂಬ ಗಂಟುಗಂಟಾದ ನರೂಲಿಗಳಿರುತ್ತವೆಯಂತೆ, ಇಲ್ಲಿ ಅವಿರಲಿಲ್ಲ. ಅಮೃತಬಳ್ಳಿಯೇ ಸರಿ.

ಅಮ್ಮನ ಮುಖ ಅರಳಿತು. ಗೆಳೆಯರು ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಇದನ್ನು ಸೇವಿಸಿದ್ದ 6 ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ದಾಯಾದಿ ಬಳ್ಳಿಯೊಡನೆ ಬೆರಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ವಾದಿಸಿತು. ಎರಡನ್ನೂ ವಿವರಿಸಿ, “ವೈದ್ಯರನ್ನು ಕೇಳದೆ ದಿನಂಪ್ರತಿ ಬೇಡಮ್ಮ” ಎಂದರು.

ಅಮ್ಮ ಕತ್ತರಿಸಿದ ತುಂಡನ್ನು ತಿರುಗಿಸಿ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಮಗುವಿಗೆ ಬೇಡ. ಬಳ್ಳಿಯನ್ನು ಮಾತ್ರ ಕೀಳಕೂಡದು” ಎಂದು ತೀರ್ಪಿತ್ತರು. ಗುಲಗಂಜಿಯನ್ನು ಬೇರುಸಹಿತ ತೆಗೆಸಿದೆವು. ಮಡಿಲಿನ ಬೀಜಗಳನ್ನು ಬಿಡಿಸಿಕೊಳ್ಳುವುದಕ್ಕೆ ಎರಡು ಡಜನ್ ಗಾಜಿನ ಮಣಿಗಳನ್ನು ತೆರಬೇಕಾಯಿತು.